ಮಳೆಯನ್ನು ಅರಿಯುವ ಗಾಜು

ಕಾರಿನ ಹಿನ್ನೋಟದ ಕನ್ನಡಿಯ ಬೆನ್ನಿಗೆ, ಮುಂದಿನ ಗಾಜಿಗೆ ಒತ್ತಿಕೊಂಡಿರುವ ಪುಟ್ಟ ಕಪ್ಪು ಡಬ್ಬಿಯನ್ನು ಒಳಗೆ ಕುಳಿತವರು ಗಮನಿಸುವುದು ಕಡಿಮೆ. ಮಳೆ ಹನಿದ ಕೂಡಲೇ ವೈಪರ್ ತಾನಾಗಿ ಓಡುವುದು, ಮಳೆ ಬಿರುಸಾದಂತೆ ಅದರ ವೇಗ ಹೆಚ್ಚುವುದು, ಮಳೆ ನಿಂತಾಗ ಅದೂ ನಿಲ್ಲುವುದು ರೈನ್ ಸೆನ್ಸರ್ ಎಂಬ ಈ ಡಬ್ಬಿಯ ದೆಸೆಯಿಂದ. ಪುತ್ತೂರಿನ ಮನೆಗೂ ಬೆಂಗಳೂರಿನ ಕೆಲಸಕ್ಕೂ ನಡುವೆ ಶಿರಾಡಿ ಘಾಟಿಯನ್ನು ಹತ್ತಿ ಇಳಿಯುವ ನನ್ನಂಥವರಿಗೆ ಅದು ಷೋಕಿಯ ಸಾಮಾನಲ್ಲ. ಮಾರನಹಳ್ಳಿ ದಾಟಿ ಗುಂಡ್ಯದ ಕಡೆಗೆ ಇಳಿಯುವಾಗ ಒಂದು ತಿರುವಿನಲ್ಲಿ ಜಡಿಮಳೆ, ಮುಂದಿನ ತಿರುವಿನಲ್ಲಿ ಬರೀ ಮಂಜು, ಅದರಾಚೆ ಎದುರಿಗೆ ಬಂದ ಟ್ಯಾಂಕರ್ ಎರಚಿದ ಕೆಸರುನೀರು ಹೀಗೆ ಕ್ಷಣಕ್ಷಣಕ್ಕೂ ಬದಲಾಗುವ ದಾರಿಯಲ್ಲಿ, ಎರಡೂ ಕೈ ಸ್ಟಿಯರಿಂಗ್ ಮೇಲೆಯೇ ಇರಬೇಕಾದ ಹೊತ್ತಿಗೆ, ವೈಪರಿನ ಕಡ್ಡಿಯನ್ನು ಪದೇ ಪದೇ ಏರಿಸಿ ಇಳಿಸುವ ಕೆಲಸ ತಪ್ಪುವುದು ದೊಡ್ಡ ಉಪಕಾರ.

ಈ ಬೇಸಗೆಯ ಕೊನೆಯಲ್ಲಿ ಚನ್ನರಾಯಪಟ್ಟಣದ ಸಮೀಪ ಮುಂದೆ ಹೋಗುತ್ತಿದ್ದ ಟಿಪ್ಪರಿನಿಂದ ಉದುರಿದ ಜಲ್ಲಿಯ ತುಣುಕೊಂದು ಪುಟಿದು ಬಂದು ನನ್ನ ಕಾರಿನ ಗಾಜಿಗೆ ಬಡಿಯಿತು. ಪೆಟ್ಟು ಬಿದ್ದದ್ದು ಎಡಭಾಗದ ಮೇಲಂಚಿನ ಹತ್ತಿರ. ಮೊದಲಿಗೆ ಕಂಡದ್ದು ನಕ್ಷತ್ರದಾಕಾರದ ಒಂದು ಸಣ್ಣ ಚುಕ್ಕೆ ಮಾತ್ರ. ಹಾಸನದ ಆಚೆ ರಸ್ತೆಯ ಗುಂಡಿಗಳಲ್ಲಿ ಕಾರು ಕುಲುಕಿದಾಗ ಆ ಚುಕ್ಕೆಯಿಂದ ಒಂದು ಗೆರೆ ಹೊರಟಿತು. ಬಿಸಿಲಿಗೆ ಕಾದ ಗಾಜಿನ ಒಳಮೈಗೆ ಏಸಿಯ ತಣ್ಣನೆಯ ಗಾಳಿ ತಗಲುತ್ತಿದ್ದುದೂ ಅದಕ್ಕೆ ನೆರವಾಗಿರಬೇಕು, ಏಕೆಂದರೆ ಒಂದು ಮೈ ಹಿಗ್ಗಿ ಇನ್ನೊಂದು ಮೈ ಕುಗ್ಗುವ ಎಳೆದಾಟದಲ್ಲಿ ಗಾಜು ತನ್ನ ಅತ್ಯಂತ ದುರ್ಬಲ ಜಾಗದಲ್ಲಿ ಬಿಟ್ಟುಕೊಡುತ್ತದೆ. ಊರು ಮುಟ್ಟುವಷ್ಟರಲ್ಲಿ ಆ ಗೆರೆ ಅಡ್ಡಲಾಗಿ ಹರಿದು ರೈನ್ ಸೆನ್ಸರಿನ ಮುಂಭಾಗವನ್ನು ದಾಟಿತ್ತು.

ಗೆರೆ ಹರಿಯದೆ ಚುಕ್ಕೆಯಾಗಿಯೇ ಉಳಿದ ಪೆಟ್ಟಿಗೆ ಹೆಚ್ಚಾಗಿ ರಿಪೇರಿ ಸಾಧ್ಯ. ಒಂದು ನಾಣ್ಯದ ಅಗಲವನ್ನು ಮೀರದ, ಚಾಲಕರ ಕಣ್ಣೆದುರಿಗೆ ಬಾರದ, ಅಂಚಿನಿಂದ ದೂರವಿರುವ ಪೆಟ್ಟಾದರೆ ಅದರೊಳಗಿನ ಗಾಳಿಯನ್ನು ಹೀರಿ ತೆಗೆದು, ತೆಳುವಾದ ರೆಸಿನ್ ತುಂಬಿಸಿ, ಅತಿನೇರಳೆ ದೀಪ ಹಿಡಿದು ಗಟ್ಟಿ ಮಾಡುತ್ತಾರೆ. ಧೂಳು, ನೀರು ಒಳಗೆ ಸೇರುವ ಮೊದಲೇ ಮಾಡಿಸಿದಷ್ಟೂ ಒಳ್ಳೆಯದು. ಅಲ್ಲಿಯವರೆಗೆ ಪೆಟ್ಟಿನ ಮೇಲೆ ಪಾರದರ್ಶಕ ಟೇಪಿನ ಒಂದು ತುಂಡು ಅಂಟಿಸಿಟ್ಟುಕೊಳ್ಳಬಹುದು. ಆದರೆ ಸೆನ್ಸರಿನ ಎದುರಿಗೆ ಬಂದ ಬಿರುಕಿಗೆ ಈ ಚಿಕಿತ್ಸೆ ಸಲ್ಲುವುದಿಲ್ಲ. ಅದು ಏಕೆಂದು ತಿಳಿಯಬೇಕಾದರೆ ಆ ಡಬ್ಬಿ ಮಳೆಯನ್ನು ಹೇಗೆ ಅರಿಯುತ್ತದೆ ಎಂಬುದನ್ನು ನೋಡಬೇಕು. ಗಾಜು ಬದಲಿಸುವ ಇಡೀ ಕೆಲಸದ ತಿರುಳು ಇರುವುದು ಅಲ್ಲಿಯೇ.

ಅದು ಕ್ಯಾಮೆರಾ ಎಂದೂ, ಗಾಜಿನ ಮೂಲಕ ಹೊರಗಿನ ಮಳೆಯನ್ನು ನೋಡುತ್ತಿದೆ ಎಂದೂ ಬಹಳ ಜನ ಭಾವಿಸುತ್ತಾರೆ. ನಿಜವಾಗಿ ಅದು ನೋಡುವುದು ಗಾಜಿನ ಹೊರಮೈಯನ್ನು. ಡಬ್ಬಿಯೊಳಗಿನ ಪುಟ್ಟ ಎಲ್‌ಇಡಿ ದೀಪಗಳು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಸುಮಾರು 45 ಡಿಗ್ರಿ ಓರೆಯಲ್ಲಿ ಗಾಜಿನೊಳಗೆ ಹಾಯಿಸುತ್ತವೆ. ಗಾಜಿನಿಂದ ಗಾಳಿಗೆ ಹೊರಡುವ ಬೆಳಕು ಸುಮಾರು 41 ಡಿಗ್ರಿಗಿಂತ ಹೆಚ್ಚು ಓರೆಯಾಗಿದ್ದರೆ ಹೊರಗೆ ಹೋಗಲಾರದೆ ಪೂರ್ತಿಯಾಗಿ ಒಳಕ್ಕೇ ಹಿಂದಿರುಗುತ್ತದೆ. ಪಿಯುಸಿಯ ಭೌತಶಾಸ್ತ್ರದಲ್ಲಿ ಪೂರ್ಣ ಆಂತರಿಕ ಪ್ರತಿಫಲನ ಎಂದು ಓದಿದ್ದು ಇದನ್ನೇ. ಹಾಗೆ ಹಿಂದಿರುಗಿದ ಬೆಳಕನ್ನು ಡಬ್ಬಿಯ ಇನ್ನೊಂದು ಬದಿಯಲ್ಲಿರುವ ಫೋಟೋಡಯೋಡ್ ಅಳೆಯುತ್ತದೆ. ಗಾಜಿನ ಹೊರಮೈ ಒಣಗಿರುವವರೆಗೆ ಕಳಿಸಿದ ಬೆಳಕು ಬಹುಪಾಲು ಮರಳಿ ಬರುತ್ತದೆ. ಅಲ್ಲಿ ಒಂದು ಹನಿ ಬಿದ್ದರೆ ಲೆಕ್ಕವೇ ಬದಲಾಗುತ್ತದೆ. ಗಾಜಿನಿಂದ ನೀರಿಗೆ ಹೊರಡುವ ಬೆಳಕಿಗೆ ಆ ಮಿತಿ ಸುಮಾರು 61 ಡಿಗ್ರಿಯಾದ್ದರಿಂದ 45 ಡಿಗ್ರಿಯ ಕಿರಣ ಹನಿಯ ಮೂಲಕ ಹೊರಗೆ ಸೋರಿಹೋಗುತ್ತದೆ ಮತ್ತು ಮರಳುವ ಬೆಳಕು ಅಷ್ಟರಮಟ್ಟಿಗೆ ಕುಗ್ಗುತ್ತದೆ. ಎಷ್ಟು ಕುಗ್ಗಿತು, ಎಷ್ಟು ಬೇಗ ಕುಗ್ಗಿತು ಎಂಬುದರಿಂದ ಮಳೆಯ ಬಿರುಸನ್ನು ಅಂದಾಜು ಮಾಡಿ ವೈಪರಿನ ಮೋಟರಿಗೆ ಆಜ್ಞೆ ಹೋಗುತ್ತದೆ.

ಅಂದ ಮೇಲೆ ಗಾಜು ಈ ಉಪಕರಣದ ಅರ್ಧ ಭಾಗ. ಡಬ್ಬಿಯಲ್ಲಿರುವುದು ದೀಪ ಮತ್ತು ಕಣ್ಣು ಮಾತ್ರ. ಮಳೆ ಬಂದಿದೆಯೇ ಇಲ್ಲವೇ ಎಂಬ ತೀರ್ಮಾನ ಆಗುವುದು ಗಾಜಿನ ಹೊರಮೈಯಲ್ಲಿ. ಅಲ್ಲಿ ಬಿರುಕು ಬಿದ್ದರೆ, ಅಥವಾ ಬಿರುಕಿಗೆ ರೆಸಿನ್ ತುಂಬಿದರೆ, ಬೆಳಕು ಅಡ್ಡದಾರಿ ಹಿಡಿಯುತ್ತದೆ. ಬಿರುಕು ಬಿದ್ದ ಮೇಲೆ ನನ್ನ ಕಾರಿನ ವೈಪರ್ ಒಣ ಬಿಸಿಲಿನಲ್ಲಿಯೂ ಒಮ್ಮೊಮ್ಮೆ ಸರ್ರನೆ ಓಡುತ್ತಿದ್ದುದಕ್ಕೆ ಕಾರಣ ಇದೇ.

ಡಬ್ಬಿಗೂ ಗಾಜಿಗೂ ನಡುವೆ ಇನ್ನೊಂದು ವಸ್ತುವಿದೆ. ಈ ಬರಹವನ್ನು ಬರೆಯಲು ಮುಖ್ಯ ಕಾರಣವೂ ಅದೇ. ಡಬ್ಬಿಯನ್ನು ಗಾಜಿಗೆ ಎಷ್ಟೇ ಗಟ್ಟಿಯಾಗಿ ಒತ್ತಿದರೂ ನಡುವೆ ಗಾಳಿಯ ತೆಳುವಾದ ಪದರ ಉಳಿದೇ ಉಳಿಯುತ್ತದೆ, ಮತ್ತು ಆ ಪದರ ಇದ್ದರೆ ಓರೆಯಾಗಿ ಬಂದ ಬೆಳಕು ಗಾಜಿನೊಳಗೆ ಕಾಲಿಡುವ ಮೊದಲೇ ಹಿಂದಕ್ಕೆ ಹೊರಳುತ್ತದೆ. ಆದ್ದರಿಂದ ಎರಡರ ನಡುವೆ ಸಿಲಿಕೋನಿನ ಪಾರದರ್ಶಕ ಜೆಲ್ ಪ್ಯಾಡ್ ಇಡುತ್ತಾರೆ. ಅದು ಎರಡೂ ಮೈಗಳಿಗೆ ಒಂದಿಷ್ಟೂ ಸಂದಿಲ್ಲದೆ ಅಂಟಿಕೊಂಡು ಬೆಳಕಿಗೆ ಸೇತುವೆಯಾಗುತ್ತದೆ. ಹಳೆಯ ಗಾಜಿನಿಂದ ಡಬ್ಬಿಯನ್ನು ಕೀಳುವಾಗ ಈ ಪ್ಯಾಡ್ ಹರಿಯುತ್ತದೆ, ಇಲ್ಲವೇ ಧೂಳು ಹಿಡಿಯುತ್ತದೆ. ಡಬ್ಬಿಯನ್ನು ಹೊಸ ಗಾಜಿಗೆ ದಾಟಿಸಬಹುದು, ಪ್ಯಾಡನ್ನು ಮಾತ್ರ ಹೊಸದಾಗಿಯೇ ಹಾಕಬೇಕು. ಇಡೀ ಬಿಲ್ಲಿನಲ್ಲಿ ಅತ್ಯಂತ ಸಣ್ಣ ವಸ್ತು ಇದು. ಮರೆತುಹೋಗುವುದೂ ಹೆಚ್ಚಾಗಿ ಇದೇ.

ಮಂಗಳೂರಿನ ಒಂದೆರಡು ಕಡೆ ವಿಚಾರಿಸಿದಾಗ ಈ ವಿಷಯ ಎಷ್ಟು ಸಲೀಸಾಗಿ ಬದಿಗೆ ಸರಿಯುತ್ತದೆ ಎಂಬುದು ಕಂಡಿತು. ಒಂದು ಅಂಗಡಿಯವರು ಫೋನಿನಲ್ಲಿ, “ಮೇಡಂ, ಸೆನ್ಸರ್ ಇಲ್ಲದ ಗ್ಲಾಸ್ ಸ್ಟಾಕ್ ಉಂಟು, ಇವತ್ತೇ ಹಾಕಿ ಕೊಡ್ತೇವೆ. ಸೆನ್ಸರ್ ಮೇಲಿಂದ ಅಂಟಿಸಿದ್ರೆ ಆಯ್ತು,” ಎಂದರು. ಒಂದೇ ಮಾದರಿಯ ಕಾರಿಗೆ ಸೆನ್ಸರ್ ಇರುವ ಗಾಜೂ ಇಲ್ಲದ ಗಾಜೂ ಬರುತ್ತವೆ. ಅಳತೆ ಒಂದೇ, ಬಾಗು ಒಂದೇ, ಬೆಲೆ ಬೇರೆ. ಆದರೆ ಸೆನ್ಸರ್ ಇಲ್ಲದ ಗಾಜಿನಲ್ಲಿ ಡಬ್ಬಿಯನ್ನು ಹಿಡಿದಿಡುವ ಬ್ರ್ಯಾಕೆಟ್ ಇರುವುದಿಲ್ಲ, ಕಪ್ಪು ಪಟ್ಟಿಯ ನಡುವೆ ಬೆಳಕು ಹಾಯಲು ಬಿಟ್ಟ ಕಿಂಡಿಯೂ ಇರುವುದಿಲ್ಲ. ಮೇಲಿಂದ ಅಂಟಿಸಿದ ಡಬ್ಬಿ ಕೆಲವು ದಿನ ಕೆಲಸ ಮಾಡಿದರೂ ಘಾಟಿಯ ಕುಲುಕಿಗೆ, ಬಿಸಿಲಿನ ಕಾವಿಗೆ ಸಡಿಲವಾಗಿ ಮಧ್ಯೆ ಗಾಳಿ ಹೊಕ್ಕರೆ ಎಲ್ಲವೂ ಮುಗಿಯಿತು. ನಾನು ಬೇಡವೆಂದು, ಸರಿಯಾದ ಗಾಜು ತರಿಸಿಕೊಡುವವರನ್ನು ಹುಡುಕಿದೆ. ಗಾಜಿಗೆ ಆರ್ಡರ್ ಕೊಡುವಾಗ ಕಾರಿನ ಚಾಸಿ ನಂಬರನ್ನು ಕೊಟ್ಟರೆ ಗೊಂದಲ ಕಡಿಮೆ, ಏಕೆಂದರೆ ಸೆನ್ಸರ್, ಸದ್ದು ತಡೆಯುವ ಪದರ, ಶಾಖ ತಡೆಯುವ ಲೇಪ ಇವುಗಳಲ್ಲಿ ಯಾವುದು ಕಾರ್ಖಾನೆಯಿಂದ ಬಂದಿತ್ತು ಎಂಬುದು ಆ ನಂಬರಿನಿಂದ ಗೊತ್ತಾಗುತ್ತದೆ. ಗಾಜಿನ ಮೂಲೆಯಲ್ಲಿ ಐಎಸ್‌ಐ ಗುರುತೂ ಐಎಸ್ 2553 ಎಂಬ ಮಾನಕದ ಸಂಖ್ಯೆಯೂ ಇವೆಯೇ ಎಂದು ನಾವೇ ಕಣ್ಣಾರೆ ನೋಡಿಕೊಳ್ಳಬೇಕು.

ಗಾಜಿನ ಬಗೆಗೂ ಒಂದು ಮಾತು ಹೇಳಬೇಕು. ಪಕ್ಕದ ಬಾಗಿಲಿನ ಗಾಜು ಒಡೆದರೆ ಸಕ್ಕರೆ ಹರಳಿನಂತೆ ಪುಡಿಪುಡಿಯಾಗಿ ಉದುರುತ್ತದೆ. ಮುಂದಿನ ಗಾಜು ಹಾಗೆ ಉದುರದೆ ಬಿರುಕು ಬಿಟ್ಟೂ ನಿಂತಿರುವುದು ಅದು ಲ್ಯಾಮಿನೇಟೆಡ್ ಆದ್ದರಿಂದ: ಎರಡು ತೆಳು ಗಾಜುಗಳ ನಡುವೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪ್ಲಾಸ್ಟಿಕ್ ಹಾಳೆ, ಸಾಮಾನ್ಯವಾಗಿ 0.76 ಮಿಲಿಮೀಟರ್ ದಪ್ಪದ್ದು, ಬೆಸೆದುಕೊಂಡಿರುತ್ತದೆ. ಈ ಯೋಚನೆಯ ಮೂಲ ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ ಅವರದು. 1903ರಲ್ಲಿ ಅವರ ಕೈಯಿಂದ ಬಿದ್ದ ಗಾಜಿನ ಫ್ಲಾಸ್ಕೊಂದು ಒಡೆದರೂ ಚೂರುಗಳು ಚದುರಲಿಲ್ಲ, ಏಕೆಂದರೆ ಒಳಗೆ ಒಣಗಿದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಅವನ್ನು ಹಿಡಿದಿಟ್ಟಿತ್ತು. 1909ರಲ್ಲಿ ಅವರು ಅದಕ್ಕೆ ಪೇಟೆಂಟ್ ಪಡೆದರು. ಅದೇ 1903ರಲ್ಲಿ ಅಮೆರಿಕದ ಅಲಬಾಮದ ಮೇರಿ ಆ್ಯಂಡರ್ಸನ್ ಅವರಿಗೆ ಕೈಯಿಂದ ತಿರುಗಿಸುವ ವೈಪರಿಗೆ ಪೇಟೆಂಟ್ ಸಿಕ್ಕಿತು. ಒಡೆದರೂ ಉದುರದ ಗಾಜು, ಅದನ್ನು ಒರೆಸುವ ಕೈ ಇವೆರಡೂ ಒಂದೇ ವರ್ಷದಲ್ಲಿ ಬೇರೆ ಬೇರೆ ದೇಶಗಳಲ್ಲಿ ಹುಟ್ಟಿದ್ದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ. ನಮ್ಮಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 100ನೆಯ ನಿಯಮವು ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರಬೇಕೆಂದೂ ಅದರ ಮೂಲಕ ಕನಿಷ್ಠ ಶೇಕಡಾ 70ರಷ್ಟು ಬೆಳಕು ಹಾಯಬೇಕೆಂದೂ ಹೇಳುತ್ತದೆ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು 2012ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿದ್ದು ಇದೇ ನಿಯಮದ ಆಧಾರದ ಮೇಲೆ.

ಕೆಲಸ ನಡೆಯುವಾಗ ನಾನು ಅಲ್ಲಿಯೇ ನಿಂತಿದ್ದೆ. ಇದನ್ನು ಎಲ್ಲರಿಗೂ ಹೇಳುತ್ತೇನೆ: ಕಾರನ್ನು ಬಿಟ್ಟುಹೋಗಿ ಸಂಜೆ ಬರುವುದಕ್ಕಿಂತ ಅರ್ಧ ದಿನ ರಜೆ ಹಾಕಿ ನೋಡುವುದು ಮೇಲು. ಸಂಶಯ ಪಡಬೇಕೆಂದು ಈ ಮಾತಲ್ಲ. ಒಳ್ಳೆಯ ಕೆಲಸಗಾರರು ನೋಡುವವರಿಗೆ ಕೇಳದೆಯೂ ವಿವರಿಸುತ್ತಾರೆ, ಮತ್ತು ಅದನ್ನು ತಿಳಿದುಕೊಳ್ಳದೆ ನಾವು ಕಾರನ್ನು ಸರಿಯಾಗಿ ನೋಡಿಕೊಳ್ಳಲಾರೆವು. ಅಲ್ಲಿದ್ದ ಹಿರಿಯ ಕೆಲಸಗಾರರು ಮೊದಲು ವೈಪರಿನ ಕೈಗಳನ್ನು, ಕೆಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಿದರು. ಆಮೇಲೆ ಹಳೆಯ ಅಂಟಿನೊಳಗೆ ತಂತಿಯೊಂದನ್ನು ತೂರಿಸಿ, ಒಬ್ಬರು ಒಳಗೆ ಇನ್ನೊಬ್ಬರು ಹೊರಗೆ ನಿಂತು, ಗರಗಸದ ಹಾಗೆ ಎಳೆಯುತ್ತಾ ಗಾಜಿನ ಸುತ್ತ ಬಂದರು. ಗಾಜನ್ನು ಹೀರಿ ಹಿಡಿಯುವ ರಬ್ಬರ್ ಬಟ್ಟಲುಗಳನ್ನು ಅಂಟಿಸಿ ಇಬ್ಬರೂ ಗಾಜನ್ನು ಎತ್ತಿ ತೆಗೆದಾಗ ಕಾರಿನ ಚೌಕಟ್ಟಿನ ಸುತ್ತ ಹಳೆಯ ಅಂಟಿನ ಕಪ್ಪು ಪಟ್ಟಿ ಕಾಣಿಸಿತು. ಅದನ್ನು ಪೂರ್ತಿ ಕೆರೆದು ತೆಗೆಯುವುದಿಲ್ಲ. ಒಂದೆರಡು ಮಿಲಿಮೀಟರ್ ದಪ್ಪಕ್ಕೆ ಸಮನಾಗಿ ಸವರಿ ಬಿಡುತ್ತಾರೆ, ಹೊಸ ಅಂಟು ಅದರ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಚಾಕು ತಗಲಿ ಬಣ್ಣ ಕಿತ್ತುಬಂದ ಒಂದು ಕಡೆ ಲೋಹ ಮಿನುಗುತ್ತಿತ್ತು. ಅವರು ಅದಕ್ಕೆ ಪ್ರೈಮರ್ ಹಚ್ಚಿ ಒಣಗಲು ಬಿಟ್ಟರು. ಕರಾವಳಿಯ ಉಪ್ಪುಗಾಳಿಯಲ್ಲಿ ಅಂಥ ಒಂದು ಗೀರು ಸಾಕು. ಗಾಜಿನ ಅಂಚಿನ ಕೆಳಗೆ ತುಕ್ಕು ಹಬ್ಬಿ, ಅಂಟು ಬಿಟ್ಟು, ನೀರು ಒಳಗೆ ಇಳಿಯುತ್ತದೆ.

ಹೊಸ ಗಾಜನ್ನು ಹಿಡಿದಿಡುವುದು ಪಾಲಿಯುರೆಥೇನ್ ಅಂಟು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಪಿಯು ಎನ್ನುತ್ತಾರೆ. ಗಾಜು ಬೀಳದಂತೆ ಹಿಡಿಯುವುದು ಅದರ ಒಂದು ಕೆಲಸ ಮಾತ್ರ. ಕಾರು ಮಗುಚಿದಾಗ ಚಾವಣಿ ಕುಸಿಯದಂತೆ ತಡೆಯುವುದರಲ್ಲಿ ಮುಂದಿನ ಗಾಜಿಗೂ ಪಾಲಿದೆ, ಮತ್ತು ಚಾಲಕರ ಪಕ್ಕದ ಸೀಟಿನ ಏರ್‌ಬ್ಯಾಗ್ ಹಲವು ಕಾರುಗಳಲ್ಲಿ ಮೇಲಕ್ಕೆ ಉಬ್ಬಿ ಗಾಜಿಗೆ ಒರಗಿಕೊಂಡೇ ಕುಳಿತವರ ಕಡೆಗೆ ತೆರೆದುಕೊಳ್ಳುತ್ತದೆ. ಅಂಟು ಸಡಿಲವಾಗಿದ್ದರೆ ಆ ಏಟಿಗೆ ಗಾಜೇ ಹೊರಗೆ ಹಾರಬಹುದು. ಹಾಗಿರುವಾಗ ಬಾತ್‌ರೂಮಿನ ಸಂದಿ ಮುಚ್ಚುವ ಸಿಲಿಕೋನನ್ನು ಗಾಜಿನ ಸುತ್ತ ಮೆತ್ತಿ ಕಳಿಸುವುದು ಕುಳಿತವರ ಪ್ರಾಣದ ಜೊತೆ ಆಡುವ ಆಟ ಎಂದೇ ನಾನು ಹೇಳುತ್ತೇನೆ. ಪಿಯು ಗಟ್ಟಿಯಾಗುವುದು ಗಾಳಿಯ ತೇವವನ್ನು ಹೀರಿಕೊಂಡು. ಆದ್ದರಿಂದ ಕರಾವಳಿಯ ಹವೆ ಅದಕ್ಕೆ ಒಗ್ಗುತ್ತದೆ. ಆದರೆ ಅಂಟು ಬೀಳುವ ಮೈ ಮಾತ್ರ ಒಣಗಿರಲೇಬೇಕು. ಮಳೆಯಲ್ಲಿ ಬಯಲಿನಲ್ಲಿ ನಿಲ್ಲಿಸಿ ಗಾಜು ಕೂರಿಸಲು ಹೊರಟವರನ್ನು ತಡೆಯಬೇಕು. ಕಾರನ್ನು ಎಷ್ಟು ಹೊತ್ತಿನ ಮೇಲೆ ಓಡಿಸಬಹುದು ಎಂಬುದು ಅಂಟಿನ ಜಾತಿಗೆ ತಕ್ಕಂತೆ ಒಂದು ಗಂಟೆಯಿಂದ ಹಲವು ಗಂಟೆಗಳವರೆಗೆ ಬದಲಾಗುತ್ತದೆ, ಮತ್ತು ಆ ಅವಧಿಯನ್ನು ಅಂಟಿನ ಟ್ಯೂಬಿನ ಮೇಲೆ ಓದಿ ಹೇಳುವಂತೆ ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ. ಮೊದಲ ದಿನ ಒಂದು ಕಿಟಕಿಯನ್ನು ಬೆರಳಗಲ ಇಳಿಸಿಡಬೇಕು, ಬಾಗಿಲನ್ನು ರಪ್ಪೆಂದು ಹಾಕಬಾರದು. ಒಳಗಿನ ಗಾಳಿಯ ಒತ್ತಡ ಇನ್ನೂ ಹಸಿಯಾಗಿರುವ ಅಂಟನ್ನು ತಳ್ಳುತ್ತದೆ.

ಗಾಜು ಕೂತು, ಅಂಚಿಗೆ ಟೇಪು ಬಿದ್ದ ಮೇಲೆ ಸೆನ್ಸರಿನ ಸರದಿ. ಆ ಹಿರಿಯರು ಕೈ ತೊಳೆದು ಒರೆಸಿಕೊಂಡು ಬಂದರು. ಗಾಜಿನ ಒಳಮೈಯಲ್ಲಿ ಬ್ರ್ಯಾಕೆಟಿನ ನಡುವಿನ ಜಾಗವನ್ನು ನೂಲು ಬಿಡದ ಬಟ್ಟೆಯಿಂದ ಆಲ್ಕೋಹಾಲ್ ಹಚ್ಚಿ ಒರೆಸಿ, ಅದು ಆರುವವರೆಗೆ ಕಾದರು. ಜೆಲ್ ಪ್ಯಾಡಿನ ಒಂದು ಬದಿಯ ಹಾಳೆಯನ್ನು ಸುಲಿದು ಅದನ್ನು ಡಬ್ಬಿಯ ಮೇಲೆ ಅಂಚಿನಿಂದ ನಿಧಾನವಾಗಿ ಉರುಳಿಸಿದಂತೆ ಕೂರಿಸಿದರು, ಬೆರಳು ಪ್ಯಾಡಿಗೆ ತಾಗಲೇ ಇಲ್ಲ. ಇನ್ನೊಂದು ಹಾಳೆಯನ್ನು ಸುಲಿದು ಡಬ್ಬಿಯನ್ನು ಬ್ರ್ಯಾಕೆಟಿಗೆ ಒತ್ತಿ ಕ್ಲಿಪ್ ಹಾಕಿದ ಮೇಲೆ ಹೊರಗೆ ಬಂದು ಮೊಬೈಲಿನ ಟಾರ್ಚ್ ಹಿಡಿದು ಕಿಂಡಿಯೊಳಗೆ ನೋಡಿದರು. “ನೋಡಿ ಮೇಡಂ,” ಎಂದು ನನ್ನನ್ನೂ ಕರೆದು ತೋರಿಸಿದರು. ಒಂದು ಮೂಲೆಯಲ್ಲಿ ಬೆಳ್ಳಗೆ ಹೊಳೆಯುವ ಸಣ್ಣ ಗುಳ್ಳೆಯೊಂದಿತ್ತು. ನನ್ನ ಕಣ್ಣಿಗೆ ಅದೇನೂ ದೊಡ್ಡದಾಗಿ ಕಾಣಲಿಲ್ಲ. “ಇದು ಇದ್ರೆ ಬಿಸಿಲಲ್ಲೂ ವೈಪರ್ ಓಡ್ತದೆ, ಇಲ್ಲಾಂದ್ರೆ ಮಳೆ ಬಂದ್ರೂ ಸುಮ್ಮನೆ ಕೂತ್ಕೊಳ್ತದೆ,” ಎಂದವರು ಡಬ್ಬಿಯನ್ನು ಬಿಚ್ಚಿ, ಆ ಪ್ಯಾಡನ್ನು ಕಿತ್ತೆಸೆದು, ಇನ್ನೊಂದನ್ನು ತಂದು, ಒರೆಸುವುದರಿಂದಲೇ ಮತ್ತೆ ಶುರು ಮಾಡಿದರು. ಯಾರೂ ಕೇಳದಿದ್ದರೂ, ಗಿರಾಕಿಗೆ ಆಗ ಗೊತ್ತಾಗದಿದ್ದರೂ, ಒಂದು ಗುಳ್ಳೆಗಾಗಿ ಕೆಲಸವನ್ನು ಮೊದಲಿನಿಂದ ಮಾಡುವ ಇಂಥವರ ಕೈಯಲ್ಲಿ ನನ್ನ ಕಾರು ಇದ್ದದ್ದಕ್ಕೆ ನಾನು ಕೃತಜ್ಞಳು.

ಕೊನೆಯಲ್ಲಿ ಪರೀಕ್ಷೆ. ಇಗ್ನಿಷನ್ ಆನ್ ಮಾಡಿ ವೈಪರನ್ನು ಆಟೋಗೆ ಇಟ್ಟು, ಸೆನ್ಸರಿನ ಮುಂದೆ ಸ್ಪ್ರೇ ಬಾಟಲಿಯಿಂದ ಒಂದೆರಡು ಹನಿ ಸಿಂಪಡಿಸಿದಾಗ ವೈಪರ್ ಒಮ್ಮೆ ಓಡಿ ನಿಂತಿತು. ಬಿಡದೆ ಸಿಂಪಡಿಸಿದಾಗ ಅದರ ವೇಗ ಏರಿತು. ಗಾಜಿನ ಬೇರೆ ಭಾಗದಲ್ಲಿ ನೀರು ಸುರಿದಾಗ ಕದಲಲಿಲ್ಲ. ಕೆಲವು ಕಂಪನಿಗಳ ಕಾರುಗಳಲ್ಲಿ ಹೊಸ ಗಾಜು ಹಾಕಿದ ಮೇಲೆ ಸ್ಕ್ಯಾನರ್ ಜೋಡಿಸಿ ಸೆನ್ಸರಿಗೆ ಅದನ್ನು ತಿಳಿಸಿಕೊಡಬೇಕಾಗುತ್ತದೆ. ಲೇನ್ ನೋಡುವ, ತಾನಾಗಿ ಬ್ರೇಕ್ ಹಾಕುವ ಕ್ಯಾಮೆರಾ ಗಾಜಿನ ಹಿಂದೆ ಇರುವ ಕಾರುಗಳಲ್ಲಂತೂ ಅಳತೆಯ ಫಲಕಗಳನ್ನು ಎದುರಿಗಿಟ್ಟೋ ರಸ್ತೆಯಲ್ಲಿ ಓಡಿಸಿಯೋ ಕ್ಯಾಮೆರಾದ ಗುರಿಯನ್ನು ಸರಿಹೊಂದಿಸುವ ಕ್ಯಾಲಿಬ್ರೇಷನ್ ಮಾಡಿಸುವುದು ಕಡ್ಡಾಯ. ಅದಿಲ್ಲದೆ ಕಾರನ್ನು ಒಪ್ಪಿಕೊಳ್ಳಬಾರದು. ಇನ್ನು ಮೇಲೆ ಕಾರು ತೊಳೆಯುವಾಗ ಆಟೋವನ್ನು ಆಫ್ ಮಾಡಿಡಬೇಕು, ಒರೆಸುವ ಕೈಗೆ ವೈಪರ್ ಬಡಿಯಬಾರದಲ್ಲ.

ಗಾಜಿನ ಜೊತೆ ಅದಕ್ಕೆ ಅಂಟಿಸಿದ್ದೂ ಹೋಗುತ್ತದೆ ಎಂಬುದನ್ನು ಮುಂಚೆಯೇ ಯೋಚಿಸಬೇಕು. ಫಾಸ್ಟ್ಯಾಗನ್ನು ಸುಲಿದರೆ ಅದು ಕೆಡುವಂತೆ ಮಾಡಿರುತ್ತಾರೆ, ಆದ್ದರಿಂದ ಬ್ಯಾಂಕಿನಿಂದ ಬದಲಿ ಟ್ಯಾಗ್ ತರಿಸಬೇಕು. ನಾನು ಅದನ್ನು ಮೊದಲೇ ತರಿಸಿಟ್ಟುಕೊಂಡಿದ್ದರಿಂದ ಮಂಗಳೂರಿನಿಂದ ಮರಳುವಾಗ ಬ್ರಹ್ಮರಕೂಟ್ಲು ಟೋಲಿನಲ್ಲಿ ನಗದು ಕೊಟ್ಟು ಎರಡು ಪಟ್ಟು ತೆರುವ ಪ್ರಮೇಯ ಬರಲಿಲ್ಲ. ಹೊಸ ಟ್ಯಾಗನ್ನು ಅಂಟಿಸುವಾಗ ಸೆನ್ಸರಿನ ಕಿಂಡಿಗೆ ಅಡ್ಡವಾಗದಂತೆ ನೋಡಿಕೊಂಡರಾಯಿತು. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟಿನ ಜೊತೆ ಕೊಡುವ, ಗಾಜಿನ ಒಳಬದಿಯ ಸ್ಟಿಕರ್ ಕೂಡ ಹಾಗೆಯೇ. ಅದಕ್ಕೂ ಹೊಸದಾಗಿ ಅರ್ಜಿ ಹಾಕಬೇಕು.

ಹಣದ ವಿಷಯ. ಸಮಗ್ರ ವಿಮೆ ಇದ್ದರೆ ಗಾಜಿಗೆ ಪರಿಹಾರ ಸಿಗುತ್ತದೆ, ಮತ್ತು ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇಕಡಾ 50ರಷ್ಟು ಸವಕಳಿ ಕಳೆಯುವ ಹಾಗೆ ಗಾಜಿಗೆ ಕಳೆಯುವುದಿಲ್ಲ. 1500 ಸಿಸಿವರೆಗಿನ ಕಾರಿಗೆ 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000 ರೂಪಾಯಿ ಕಡ್ಡಾಯವಾಗಿ ನಮ್ಮ ಕೈಯಿಂದ ಹೋಗುತ್ತದೆ. ಆದರೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗಾಗಿ ಕಂತಿನಲ್ಲಿ ಸಿಗುವ ರಿಯಾಯಿತಿ, ಮುಂದಿನ ವರ್ಷ ಸೊನ್ನೆಗೆ ಇಳಿಯುತ್ತದೆ. ಶೇಕಡಾ 50ಕ್ಕೆ ಏರಿದ್ದ ಬೋನಸ್ ಹೋದರೆ ಮುಂದಿನ ಕೆಲವು ವರ್ಷಗಳ ಕಂತಿನಲ್ಲಿ ಎಷ್ಟು ಹೆಚ್ಚು ತೆರಬೇಕು ಎಂದು ಲೆಕ್ಕ ಹಾಕಿ ನೋಡಿದ ಮೇಲೆ ಅರ್ಜಿ ಕೊಡಬೇಕು. ಬೋನಸ್ ಉಳಿಸುವ ಆ್ಯಡ್-ಆನ್ ನನ್ನ ಪಾಲಿಸಿಯಲ್ಲಿ ಇದ್ದುದರಿಂದ ನಾನು ಕ್ಲೇಮ್ ಮಾಡಿದೆ. ಸರ್ವೇಯರ್ ಬಂದು ನೋಡುವ ಮೊದಲು ಹಳೆಯ ಗಾಜನ್ನು ತೆಗೆಸಬಾರದು.

ಬಿಲ್ಲಿನಲ್ಲಿ ಬರೀ “ಫ್ರಂಟ್ ಗ್ಲಾಸ್, ಲೇಬರ್” ಎಂದು ಎರಡು ಸಾಲು ಬರೆದುಕೊಡುವುದು ರೂಢಿ. ನಾನು ಗಾಜಿನ ಪಾರ್ಟ್ ನಂಬರ್, ಸೆನ್ಸರ್ ಬ್ರ್ಯಾಕೆಟ್ ಸಮೇತ ಎಂಬ ಮಾತು, ಪಿಯು ಅಂಟಿನ ಹೆಸರು, ಜೆಲ್ ಪ್ಯಾಡ್ ಹೊಸದು ಎಂಬುದು ಮತ್ತು ನೀರು ಸೋರಿದರೆ ಎಷ್ಟು ಕಾಲದವರೆಗೆ ಉಚಿತವಾಗಿ ಸರಿಪಡಿಸಿಕೊಡುತ್ತಾರೆ ಎಂಬುದು, ಇಷ್ಟನ್ನೂ ಬರೆದುಕೊಡಿ ಎಂದು ಕೇಳಿದೆ. ಕೌಂಟರಿನ ಹುಡುಗ ಸ್ವಲ್ಪ ಅಚ್ಚರಿಯಿಂದ ನೋಡಿ, ಒಳಗೆ ಹೋಗಿ ಆ ಹಿರಿಯರನ್ನು ವಿಚಾರಿಸಿಕೊಂಡು ಬಂದು, ಒಂದೊಂದಾಗಿ ಟೈಪ್ ಮಾಡಿ ಸೀಲು ಹಾಕಿ ಕೊಟ್ಟ.